ಒಂದು ಕೆಜಿ ಕವರ್‌ಗೆ ಒಂದು ಲೀಟರ್ ಪೆಟ್ರೋಲ್?

ಗುಂಪು: ಕೆಮಿಕಲ್ ಹಳೇ ಬ್ಯಾಚ್

ರವಿ: (ಫಾರ್ವರ್ಡ್ ಆದ ವಿಡಿಯೊ) "ಹಿತ್ತಲಲ್ಲಿ ಡ್ರಮ್ ಇಟ್ಟು ಪ್ಲಾಸ್ಟಿಕ್‌ನಿಂದ ಪೆಟ್ರೋಲ್! 1 ಕೆಜಿಗೆ 1 ಲೀಟರ್!!" ನೋಡ್ರಪ್ಪಾ, ನಾವು ಓದಿದ್ದೆಲ್ಲ ದಂಡ.

ಶೋಭಾ: ಬರೋದು ಪೆಟ್ರೋಲ್ ಅಲ್ಲ ರವಿ. ಗಾಳಿ ಇಲ್ಲದೆ 400–450 ಡಿಗ್ರಿಗೆ ಕಾಯಿಸಿದ್ರೆ ಪ್ಲಾಸ್ಟಿಕ್ ಅಣುಗಳ ಉದ್ದ ಸರಪಳಿ ಎಲ್ಲೆಂದರಲ್ಲಿ ತುಂಡಾಗುತ್ತೆ. ನಾಫ್ತಾ (ಪೆಟ್ರೋಲ್ ಥರದ ಹಗುರ ಎಣ್ಣೆ), ಸೀಮೆಎಣ್ಣೆ, ಡೀಸೆಲ್, ಮೇಣ ಎಲ್ಲ ಒಂದೇ ಕ್ಯಾನಲ್ಲಿ. ಲೆಕ್ಕ ಹಾಕು: 1 ಲೀಟರ್ ಪೆಟ್ರೋಲ್ ಸುಮಾರು 750 ಗ್ರಾಂ. ಚೊಕ್ಕ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಕಿದ್ರೂ ಒಟ್ಟು ಎಣ್ಣೆಯೇ ಹೆಚ್ಚುಕಮ್ಮಿ ಅಷ್ಟು. ಪೆಟ್ರೋಲ್ ಅದರಲ್ಲಿ ಒಂದು ಪಾಲು.

ರವಿ: ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯವರು 2019ರಲ್ಲಿ 1 ಟನ್‌ಗೆ 800 ಲೀಟರ್ ಡೀಸೆಲ್ ಅಂತ ಪ್ಲಾಂಟೇ ಹಾಕಿದ್ರಲ್ಲ? ಅದೂ ಸುಳ್ಳಾ?

ಮಂಜು: ಅದು ನಿಜ ಕಣೋ. ಅಲ್ಲಿ ಒಳಗೆ ಹೋಗೋದು ಪಾಲಿಎಥಿಲೀನ್ (ಹಾಲಿನ ಕವರ್ ಪ್ಲಾಸ್ಟಿಕ್), ಪಾಲಿಪ್ರೊಪಿಲೀನ್ ಮಾತ್ರ. ಕ್ರಿಯೆ ಚುರುಕು ಮಾಡೋ ಕ್ಯಾಟಲಿಸ್ಟ್ ಇದೆ, ಬಟ್ಟಿ ಇಳಿಸಿ ಬೇರೆ ಮಾಡ್ತಾರೆ. ನಿನ್ನ ವಿಡಿಯೊದವನು ನೀರಿನ ಪೈಪ್ ತುಂಡೂ ಹಾಕ್ತಿದಾನೆ. ಆ ಪೈಪು ಪಿವಿಸಿ ಪ್ಲಾಸ್ಟಿಕ್, ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. 300 ಡಿಗ್ರಿ ಹೊತ್ತಿಗೇ ಆಸಿಡ್ ಹೊಗೆ ಹೊರಡುತ್ತೆ, ಡ್ರಮ್ ತಗಡನ್ನೂ ತಿನ್ನುತ್ತೆ, ಎದೆಯನ್ನೂ.

ಶೋಭಾ: ನೀರಿನ ಬಾಟಲೂ ಇದೆ. ಆ ಬಾಟಲಿನ ಪ್ಲಾಸ್ಟಿಕ್ ಪೆಟ್ (PET), ಅದರಿಂದ ಎಣ್ಣೆ ಬರೋದು ಅಷ್ಟಕ್ಕಷ್ಟೆ. ಬೆಂಜೊಯಿಕ್, ಟೆರೆಫ್ತಾಲಿಕ್ ಆಸಿಡ್ ಬಿಳಿ ಪುಡಿಯಾಗಿ ಪೈಪಲ್ಲಿ ಕಟ್ಟಿಕೊಳ್ಳುತ್ತೆ.

ಮಂಜು: ಪೈಪೂ ಸಣ್ಣದು, ಸೀದಾ ತಣ್ಣೀರಿನ ಬಕೆಟ್‌ಗೆ. ಮೇಣ ಅಲ್ಲೇ ಗಟ್ಟಿಯಾಗಿ ದಾರಿ ಮುಚ್ಚಿದ್ರೆ ಡ್ರಮ್ಮೇ ಬಾಂಬು. ಪೈಪಿನ ಮೊದಲ ಭಾಗ ಬಿಸಿ ಇಟ್ಟು, 100 ಡಿಗ್ರಿ ಆಸುಪಾಸಿನ ಪಾತ್ರೇಲಿ ಮೇಣ ಇಳಿಸಿಕೊಂಡು ಆಮೇಲೆ ತಣಿಸಬೇಕು. ಇನ್ನೂ ಒಂದಿದೆ. ಉರಿ ಆರಿಸಿದ ಮೇಲೆ ಡ್ರಮ್ ತಣಿಯುತ್ತಾ ಒಳಕ್ಕೆ ಎಳೆಯುತ್ತೆ. ಬಕೆಟ್ ನೀರು ಪೈಪ್ ಹತ್ತಿ ಕಾದ ತಳಕ್ಕೆ ಬಿತ್ತು ಅಂತಿಟ್ಕೋ! ಮಧ್ಯೆ ಒಂದು ಖಾಲಿ ಪಾತ್ರೆನೂ ಇಟ್ಟಿಲ್ಲ ಪುಣ್ಯಾತ್ಮ.

ರವಿ: ಸರಿ, ಬೈಕಿಗೆ ಬೇಡ. ಫರ್ನೇಸ್ ಬರ್ನರ್‌ಗೆ?

ಶೋಭಾ: ಅದಾಗುತ್ತೆ. ಬೈಕಿಗಾದ್ರೆ ಒಲಿಫಿನ್ (ಒಂದಕ್ಕೊಂದು ಬೇಗ ಅಂಟಿಕೊಳ್ಳೋ ಅಣುಗಳು) ಜಾಸ್ತಿ, ಇಟ್ಟಷ್ಟೂ ಕಂದಾಗಿ ಅಂಟು ಕಟ್ಟುತ್ತೆ, ಇಂಜೆಕ್ಟರ್ ಗೋವಿಂದ. ಆದ್ರೆ ಬರ್ನರ್‌ಗೋಸ್ಕರ ಹಾಲಿನ ಕವರ್ ಯಾಕೆ ಹಾಳು ಮಾಡ್ಬೇಕು? ತೊಳೆದು ಒಣಗಿಸಿದ್ರೆ ಗುಜರಿಯವನೇ ದುಡ್ಡು ಕೊಡ್ತಾನೆ, ಕರಗಿ ಮತ್ತೆ ಪ್ಲಾಸ್ಟಿಕ್ ಕಾಳು ಆಗುತ್ತೆ. ಅವನು ಬೇಡ ಅನ್ನೋ ಚಿಪ್ಸ್ ಪ್ಯಾಕೆಟ್ಟು ಎಣ್ಣೆ ಮಾಡೋ ರಿಯಾಕ್ಟರ್‌ಗೂ ತಲೆನೋವೇ.

ರವಿ: ಕೋಲಾರದ ಟೊಮೆಟೊ ಹೊಲದಲ್ಲಿ ಗಿಡದ ಬುಡಕ್ಕೆ ಹಾಸೋ ಮಲ್ಚಿಂಗ್ ಶೀಟು? ಮಣ್ಣು ಮೆತ್ತಿರೋದನ್ನ ಗುಜರಿಯವನೂ ಮುಟ್ಟಲ್ಲ. ಪಾಲಿಎಥಿಲೀನೇ ತಾನೇ?

ಮಂಜು: ಹೂಂ, ಈಗ ದಾರಿಗೆ ಬಂದೆ. ಆ ಮಣ್ಣು ತಳದಲ್ಲಿ ಕೂತ್ರೆ ಶಾಖ ಮೇಲಕ್ಕೆ ಹತ್ತಲ್ಲ, ಪ್ರತಿ ಬ್ಯಾಚ್‌ಗೂ ಕೆರೀಬೇಕು. ಒಣಗಿಸಿ ಒದರಿ, ಚೂರು ಮಾಡಿ ನೀರಿಗೆ ಬಿಡು. ಶೀಟ್ ತೇಲುತ್ತೆ, ಮಣ್ಣು, ಪಿವಿಸಿ ಮುಳುಗುತ್ತೆ. ಮತ್ತೆ ಚೆನ್ನಾಗಿ ಒಣಗಿಸು. ಅನುಮಾನ ಇದ್ರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ಒತ್ತಿ, ಮತ್ತೆ ಉರಿಗೆ ಹಿಡಿ. ಹಸಿರು ಜ್ವಾಲೆ ಬಂದ್ರೆ ಕ್ಲೋರಿನ್ ಇದೆ ಅಂತ.

ರವಿ: ತಂತಿ ಇದೆ. ಶೀಟ್ ತರಿಸ್ತೀನಿ.

ಶೋಭಾ: ಡ್ರಮ್ ತರಿಸಬೇಡ.