ಫ್ರಾಂಜ್ ಫರ್ಡಿನಾಂಡ್ ಬ್ಯಾಂಡಿನ ಫೋಟೋ ಬದಲು ಆಸ್ಟ್ರಿಯಾದ ಯುವರಾಜ ಬರುತ್ತಿದ್ದಾನೆ (ಬಗೆಹರಿದಿದೆ)

ಹಾಡುಗೂಡು:
ಎಲ್ಲರಿಗೂ ನಮಸ್ಕಾರ. ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ (ಮನೆಯಲ್ಲೇ ಹಾಡು, ಸಿನಿಮಾ ಜೋಡಿಸಿಟ್ಟು ಕೇಳೋಕೆ, ನೋಡೋಕೆ ಇರುವ ತಂತ್ರಾಂಶ) ಹಾಕಿ, ನನ್ನ ಸಿಡಿಗಳನ್ನೆಲ್ಲ ಅದಕ್ಕೆ ಏರಿಸಿದ್ದೇನೆ. ಕಲಾವಿದರ ಫೋಟೋ, ಪರಿಚಯ ತರೋಕೆ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಇದೆ. ಅದು ಹೆಸರು ಹಿಡಿದು ವಿಕಿಡೇಟಾದಲ್ಲಿ (ವಿಕಿಪೀಡಿಯಾ ಬಳಗದ ಮಾಹಿತಿ ಕೋಶ) ಹುಡುಕುತ್ತದೆ, ಮೊದಲು ಸಿಕ್ಕಿದ್ದನ್ನು ಫೋಲ್ಡರಿಗೆ ತಂದು ಹಾಕುತ್ತದೆ.

ಗ್ಲಾಸ್ಗೋದ ಫ್ರಾಂಜ್ ಫರ್ಡಿನಾಂಡ್ ಬ್ಯಾಂಡ್ ತೆರೆದರೆ ಅದೇ ಹೆಸರಿನ ಯುವರಾಜನ ಫೋಟೋ: ದಪ್ಪ ಮೀಸೆ, ಎದೆ ಮೇಲೆ ಪದಕಗಳು. ಕೆಳಗೆ "ಹುಟ್ಟು 1863, ಗ್ರಾಜ್. ಸಾವು 1914, ಸರಯೇವೊ". ಕೈಯಾರೆ ಬದಲಾಯಿಸಿದೆ. ರಾತ್ರಿ ಸ್ಕ್ರಿಪ್ಟ್ ಓಡಿದ ಮೇಲೆ ಮತ್ತೆ ಅದೇ ಮೀಸೆ. 2004ರ ಮೊದಲ ಆಲ್ಬಮ್ಮಿನಿಂದ ಕೇಳುತ್ತಿರುವ ಬ್ಯಾಂಡ್ ಇದು, ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ತಂತಿಮನೆ:
ನಿಮ್ಮ ಫೈಲುಗಳು ಸರಿಯಾಗೇ ಇವೆ, ಹುಡುಕುವ ರೀತಿ ತಪ್ಪು. ವಿಕಿಡೇಟಾದಲ್ಲಿ ಪಿ31 ಅಂತ ಒಂದು ಗುಣ ಇದೆ, ಪುಟದಲ್ಲಿರುವುದು ಯಾವ ಬಗೆಯದು ಅಂತ ಅದು ಹೇಳುತ್ತದೆ. ಅಲ್ಲಿ ಕ್ಯೂ5 ಇದ್ದರೆ ಮನುಷ್ಯ ಅಂತ ಅರ್ಥ. ಅಂಥದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗೋಕೆ ಹೇಳಿ.

ಮಳೆನಾದ:
ಹಾಗೆ ಮಾಡಬೇಡಿ. ಒಬ್ಬರೇ ಹಾಡುವ ಗಾಯಕರೆಲ್ಲ ಕ್ಯೂ5 ತಾನೆ? ಅವರ ಫೋಟೋಗಳೂ ಹೋಗಿಬಿಡುತ್ತವೆ.

ಹೆಸರಿನಿಂದ ಹುಡುಕೋದನ್ನೇ ಬಿಡಿ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಹಾಕಿಕೊಳ್ಳಿ, ಹಾಡಿನ ಫೈಲುಗಳಿಗೆ ಸರಿಯಾದ ವಿವರ ಸೇರಿಸುವ ತಂತ್ರಾಂಶ ಅದು. ಆಲ್ಬಮ್ಮನ್ನು ಅದರೊಳಗೆ ಎಳೆದು ಸ್ಕ್ಯಾನ್ ಒತ್ತಿದರೆ ಹಾಡಿನ ಧ್ವನಿಯಿಂದಲೇ ಗುರುತು ಹಿಡಿಯುತ್ತದೆ. ಸರಿಯಾದ ಆಲ್ಬಮ್ ಬಂತಾ ನೋಡಿ ಸೇವ್ ಮಾಡಿ. ಆಗ ಪ್ರತಿ ಫೈಲಿನಲ್ಲೂ ಕಲಾವಿದರ ಮ್ಯೂಸಿಕ್‌ಬ್ರೈನ್ಜ್ ಐಡಿ ಕೂತುಕೊಳ್ಳುತ್ತದೆ. ವಿಕಿಡೇಟಾದಲ್ಲಿ ಅದೇ ಐಡಿ ಪಿ434 ಗುಣದಲ್ಲಿರುತ್ತದೆ. ಸ್ಕ್ರಿಪ್ಟ್ ಆ ಐಡಿ ಹಿಡಿದು ಹುಡುಕಲಿ.

ಇನ್ನೊಂದು ಮಾತು. ಈ ಹೆಸರು ಅವರಿಗೆ ಬಂದಿದ್ದು ಟಿವಿಯಲ್ಲಿ ಕಂಡ ರೇಸ್ ಕುದುರೆಯಿಂದ. ಅದರ ಹೆಸರಿನಲ್ಲಿ ಆರ್ಚ್‌ಡ್ಯೂಕ್ (ಆಸ್ಟ್ರಿಯಾದ ರಾಜಕುಮಾರರ ಬಿರುದು) ಅಂತಿತ್ತು, ಮಾತು ಹಾಗೇ ಯುವರಾಜನ ಕಡೆ ಹೊರಳಿತು. ಫ ಅಕ್ಷರ ಎರಡು ಸಲ ಬರೋದು ಅವರಿಗೆ ಹಿಡಿಸಿತು. ನನಗೆ ತುಂಬಾ ಇಷ್ಟದ ಕಥೆ ಇದು.

ಹಾಡುಗೂಡು:
ಆಲ್ಬಮ್‌ಗಳೆಲ್ಲ ಐಡಿ ಪಡೆದವು. ಆದರೂ ಮೀಸೆ ಹೋಗಿಲ್ಲ! 2004ರ "ಟೇಕ್ ಮಿ ಔಟ್" ಸಿಂಗಲ್ ಸಿಡಿಯ ಒಂದು ಹಾಡನ್ನು ಪಿಕಾರ್ಡ್ ಗುರುತಿಸಲಿಲ್ಲ. "ಆಲ್ ಫಾರ್ ಯೂ, ಸೋಫಿಯಾ" ಅಂತ.

ಮಳೆನಾದ:
ಆ ಹಾಡು ಇರೋದೇ ಸರಯೇವೊ ಹತ್ಯೆಯ ಬಗ್ಗೆ. 1914ರ ಜೂನ್ 28ರಂದು ಗಾವ್ರಿಲೊ ಪ್ರಿನ್ಸಿಪ್ ಹಾರಿಸಿದ ಗುಂಡಿಗೆ ಯುವರಾಜನ ಜೊತೆ ಹೆಂಡತಿ ಸೋಫಿಯೂ ಸತ್ತಳು. ಸೋಫಿಯಾ ಅಂದರೆ ಅವಳೇ. ಅದನ್ನು ತಿಳಿದು ಮತ್ತೆ ಕೇಳಿ, ಬೇರೆಯೇ ಹಾಡು ಅನ್ನಿಸುತ್ತದೆ.

ಆ ಒಂದು ಫೈಲಿಗೆ ಐಡಿ ಇಲ್ಲ. ಹಾಗಾಗಿ ಸ್ಕ್ರಿಪ್ಟ್ ಮತ್ತೆ ಹೆಸರು ಹಿಡಿದು ಹುಡುಕುತ್ತಿರಬೇಕು. ಪಿಕಾರ್ಡಿನಲ್ಲಿ ಆ ಸಿಂಗಲನ್ನು ಹೆಸರು ಹಾಕಿ ಹುಡುಕಿ, ಫೈಲನ್ನು ಕೈಯಲ್ಲೇ ಎಳೆದು ಅದರ ಮೇಲೆ ಬಿಡಿ. ಐಡಿ ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡು ಅಂತ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿ. ಆಮೇಲೆ ಕಲಾವಿದರ ಫೋಲ್ಡರಿನಲ್ಲಿರುವ ಹಳೇ ಚಿತ್ರ, ಪರಿಚಯ ಬರೆದಿರುವ ಎನ್‌ಎಫ್‌ಒ ಫೈಲು ಎರಡನ್ನೂ ಅಳಿಸಿ. ಇಲ್ಲದಿದ್ದರೆ ಜೆಲ್ಲಿಫಿನ್ ಅವನ್ನೇ ಓದುತ್ತಿರುತ್ತದೆ. ಕೊನೆಗೆ ಜೆಲ್ಲಿಫಿನ್‌ನಲ್ಲಿ ಮೆಟಾಡೇಟಾ (ಫೋಟೋ, ಪರಿಚಯದಂಥ ವಿವರ) ರಿಫ್ರೆಶ್ ಮಾಡುವಾಗ ಇರುವ ಚಿತ್ರಗಳನ್ನು ಬದಲಿಸು ಅನ್ನೋದಕ್ಕೆ ಟಿಕ್ ಹಾಕಿ.

2015ರ ಎಫ್‌ಎಫ್‌ಎಸ್ ಆಲ್ಬಮ್ ಇದ್ದರೆ ಅದನ್ನು ಇವರ ಹೆಸರಿಗೆ ಸೇರಿಸಬೇಡಿ. ಇವರು ಸ್ಪಾರ್ಕ್ಸ್ ಅನ್ನೋ ಇನ್ನೊಂದು ಬ್ಯಾಂಡಿನ ಜೊತೆ ಕೂಡಿ ಕಟ್ಟಿದ ತಂಡ ಅದು, ಅದರ ಐಡಿಯೇ ಬೇರೆ.

ಹಾಡುಗೂಡು:
ಬಂತು! ಹಳೇ ಎನ್‌ಎಫ್‌ಒ ಅಳಿಸಿದ ಮೇಲೆ ಸರಿಯಾಯಿತು. ರಾತ್ರಿ ಸ್ಕ್ರಿಪ್ಟ್ ಓಡಿದೆ, ಬೆಳಗ್ಗೆ ನೋಡಿದರೆ ಗಿಟಾರ್ ಹಿಡಿದ ನಮ್ಮವರೇ ಇದ್ದಾರೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೋಫಿಯಾ ಹಾಡು ಈಗ ಎರಡನೇ ಸಲ ಓಡುತ್ತಿದೆ.