ಸಹಾಯ ಬೇಕು: ಸರ್ವರ್‌ಗೆ ವಿಎಸ್ ಕೋಡ್ ಸಂಪರ್ಕವಾಗುತ್ತಿಲ್ಲ
ಹಲವರು ಒಟ್ಟಿಗೆ ಬಳಸುವ ಲಿನಕ್ಸ್ ಸರ್ವರ್‌ಗೆ ವಿಎಸ್ ಕೋಡ್ ಎಂಬ ಕೋಡ್ ಎಡಿಟರ್‌ನ ರಿಮೋಟ್ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಲು ನೆರವಾಗುವ ಸೌಲಭ್ಯ) ಮೂಲಕ ಸಂಪರ್ಕಿಸಲು ಹೊರಟರೆ, ಪಾಸ್‌ವರ್ಡ್ ಸ್ವೀಕೃತವಾದ ಬಳಿಕ, ಎಡಿಟರ್ ತನ್ನ ಸರ್ವರ್ ಭಾಗವನ್ನು ಅಲ್ಲಿ ಆರಂಭಿಸುವ ಹಂತದಲ್ಲಿ ಸಂಪರ್ಕ ಕಡಿದುಹೋಗುತ್ತದೆ. ಟರ್ಮಿನಲ್‌ನಿಂದ ನೇರವಾಗಿ ಲಾಗಿನ್ ಆದಾಗ ಯಾವ ತೊಡಕೂ ಇಲ್ಲದಿರುವುದರಿಂದ, ಇದು ನೆಟ್‌ವರ್ಕ್‌ನ ದೋಷವಲ್ಲವೆಂದು ಭಾವಿಸಿದ್ದೇನೆ.

ಹೋಮ್ ಡೈರೆಕ್ಟರಿಯಲ್ಲಿ ಎಡಿಟರ್ ಸೃಷ್ಟಿಸಿದ್ದ ಫೋಲ್ಡರ್ ಅಳಿಸಿ ನೋಡಿದೆ, ಉಳಿದುಕೊಂಡಿದ್ದ ಹಳೆಯ ಪ್ರೋಸೆಸ್‌ಗಳನ್ನು ನಿಲ್ಲಿಸಿದೆ, ಡಿಸ್ಕ್ ಕೋಟಾ ತುಂಬಿಲ್ಲವೆಂದು ಖಚಿತಪಡಿಸಿಕೊಂಡೆ. ಕೊನೆಗೆ (ಮೊದಲೇ ನೋಡಬೇಕಿತ್ತು!) ಸರ್ವರ್‌ನ ಜಿಲಿಬ್‌ಸಿ (glibc, ಲಿನಕ್ಸ್ ಪ್ರೋಗ್ರಾಂಗಳು ಅವಲಂಬಿಸುವ ಮೂಲ ಲೈಬ್ರರಿ) ಆವೃತ್ತಿ 2.17 ಎಂದು ತಿಳಿಯಿತು, ಎಡಿಟರ್‌ನ 1.99ರಿಂದೀಚಿನ ಆವೃತ್ತಿಗಳಿಗೆ ಕನಿಷ್ಠ 2.28 ಬೇಕು. ನನಗೆ ರೂಟ್ (ಸರ್ವರ್ ನಿರ್ವಾಹಕರ) ಅನುಮತಿಯಿಲ್ಲ, ಹಾಗಾಗಿ ಸರ್ವರ್‌ನ ಜಿಲಿಬ್‌ಸಿಯನ್ನು ನಾನೇ ಬದಲಿಸಲಾರೆ.

ಹೀಗಿರುವಾಗ ಎಡಿಟರನ್ನು 1.98ಕ್ಕೆ ಇಳಿಸಿ ಅಪ್‌ಡೇಟ್ ನಿಲ್ಲಿಸುವುದು ಸರಿಯೇ, ಅಥವಾ ಹೋಮ್ ಡೈರೆಕ್ಟರಿಯಲ್ಲೇ ಹೊಸ ಜಿಲಿಬ್‌ಸಿ ಇರಿಸಿಕೊಂಡು, ಇತರ ಬಳಕೆದಾರರಿಗೆ ತೊಂದರೆಯಾಗದಂತೆ ಎಡಿಟರ್‌ಗೆ ಮಾತ್ರ ಅದನ್ನು ತೋರಿಸುವುದು ಸಾಧ್ಯವೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.