ಹಳೆ ಸೀರೆ, ಜೀನ್ಸ್, ಬೆಡ್‌ಶೀಟಿನಿಂದ ಸಂತೆ ಚೀಲ: ಕತ್ತರಿ ಹಾಕುವ ಮೊದಲು ಕೇಳ್ತಿದ್ದೇನೆ

ಕಟಪಾಡಿ ಮನೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಅಟ್ಟದ ಮೇಲಿದ್ದ ಪೆಟ್ಟಿಗೆಗಳನ್ನು ಕೆಳಗೆ ಇಳಿಸಿದ್ದೇವೆ. ಅತ್ತೆಯ ಹತ್ತಿ ಸೀರೆಗಳು, ನಾಲ್ಕೈದು ಪಾಲಿಯೆಸ್ಟರ್ ಸೀರೆ, ಮಾವನ ಮುಂಡು, ಇವರ ಜೀನ್ಸ್ ಪ್ಯಾಂಟು, ಬೆಡ್‌ಶೀಟು, ಹಳೆ ಲಂಗ, ಕಡ್ಡಿ ಮುರಿದ ಕೊಡೆ ಎಲ್ಲ ಉಂಟು. ಯಾರಿಗಾದರೂ ಕೊಡುವಷ್ಟು ಚೆನ್ನಾಗಿಲ್ಲ, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ಎಲ್ಲವನ್ನೂ ಚೀಲ ಮಾಡುವ ಅಂತ ಇದ್ದೇನೆ. ಮನೆಯಲ್ಲಿ ಅತ್ತೆಯ ಕಾಲು ಮೆಷಿನ್ ಇದೆ, ಎಣ್ಣೆ ಬಿಟ್ಟು ಬೆಲ್ಟ್ ಹೊಸದು ಹಾಕಿಸಿ ಆಗಿದೆ. ರವಿಕೆ ಹೊಲಿಯಲಿಕ್ಕೆ ಬರುವುದಿಲ್ಲ, ಆದರೆ ನೇರ ಹೊಲಿಗೆ ಚೆನ್ನಾಗಿ ಬರ್ತದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಮಕ್ಕಳು ಶಾಲೆಯಿಂದ ಬರುವವರೆಗಿನ ಹೊತ್ತು ನನ್ನದು.

ನಮಗೆ ಬುಧವಾರ ಆದಿಉಡುಪಿ ಸಂತೆಗೆ ಒಂದು ದೊಡ್ಡ ಚೀಲ ಬೇಕು. ಸೌತೆಕಾಯಿ, ಮಟ್ಟುಗುಳ್ಳ ಬದನೆ, ಬಸಳೆ, ಕೆಲವೊಮ್ಮೆ ಮೇಲೆ ನಾಲ್ಕು ತೆಂಗಿನಕಾಯಿ. ಮೀನಿಗೆ ಬೇರೆಯೇ ಚೀಲ ಬೇಕು. ಇವರ ಸ್ಕೂಟರಿನ ಡಿಕ್ಕಿಯಲ್ಲಿ ಯಾವಾಗಲೂ ಇರುವ ಹಾಗೆ ಸಣ್ಣದು ಒಂದೆರಡು. ಅಂಗಡಿಯಿಂದ ಹತ್ತು ಕೆಜಿ ಕುಚ್ಚಲಕ್ಕಿ ತರಲಿಕ್ಕೂ ಒಂದು ಬೇಕಿತ್ತು.

ಯಾವ ಬಟ್ಟೆಯಿಂದ ಯಾವ ಚೀಲ ಮಾಡುವುದು? ಹಿಡಿ ಹೇಗೆ ಕೂರಿಸಿದರೆ ಕಾಯಿಯ ಭಾರಕ್ಕೆ ಕಿತ್ತು ಬರುವುದಿಲ್ಲ? ಮಳೆಗಾಲದಲ್ಲಿ ಬಟ್ಟೆ ಚೀಲ ಒಣಗದೆ ಬೂಷ್ಟು ಹಿಡಿದರೆ ಎಂತ ಮಾಡುವುದು?

ಇನ್ನೊಂದು ವಿಷಯ. ಅತ್ತೆ ಬೇಡ ಅಂತ ಹೇಳಲಿಲ್ಲ. ಆದರೆ ರಾಶಿಯಿಂದ ಒಂದು ಉಡುಪಿ ಸೀರೆಯನ್ನು ತೆಗೆದು ಪುನಃ ಮಡಚಿ ಬದಿಗೆ ಇಟ್ಟರು. ಬಾಕಿ ಸೀರೆಗಳಿಗೆ ಕತ್ತರಿ ಹಾಕಬಹುದಾ ಅಂತ ನನಗೆ ಸಂಕೋಚ ಆಗ್ತಾ ಉಂಟು.

ಬ್ರಹ್ಮಾವರ ಟೈಲರ್

ತಂಗಿ, ಬದಿಗೆ ಇಟ್ಟ ಸೀರೆ ಅಲ್ಲೇ ಇರಲಿ. ಅದು ಅವರದ್ದು. ಕೈಮಗ್ಗದ ಉಡುಪಿ ಸೀರೆ ಚೀಲಕ್ಕೆ ಹೇಳಿದ ಬಟ್ಟೆಯೂ ಅಲ್ಲ. ಸಪೂರ ನೂಲಿನ ಹಗುರ ನೇಯ್ಗೆ ಅದು, ಮೈಗೆ ತಂಪು, ಕಾಯಿಯ ಭಾರ ತಡೆಯುವುದಿಲ್ಲ. ಅದನ್ನು ನೇಯುವ ಕೈಗಳು ನಮ್ಮ ಜಿಲ್ಲೆಯಲ್ಲಿ ಈಗ ಎಷ್ಟು ಉಳಿದಿವೆ ಅಂತ ನೆನೆದರೆ ನನಗಂತೂ ಕತ್ತರಿ ಎತ್ತಲಿಕ್ಕೆ ಆಗುವುದಿಲ್ಲ. ಬಾಕಿಯದ್ದನ್ನು ಅತ್ತೆಯ ಹತ್ತಿರ ಕೂತು ಒಂದೊಂದೇ ತೋರಿಸಿ ಕೇಳಿ. ಅವರೇ ಆರಿಸಿ ಕೊಡ್ತಾರೆ.

ಇನ್ನು ಕೆಲಸಕ್ಕೆ ಬರುವ. ಒಂದೊಂದು ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆಳಕು ಜಾಸ್ತಿ ದಾಟುವ ಜಾಗ ಸವೆದದ್ದು. ಮತ್ತೆ ಎರಡು ಹೆಬ್ಬೆರಳು ಹತ್ತಿರ ಹತ್ತಿರ ಇಟ್ಟು ಜಗ್ಗಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಅಲ್ಲೇ ಬಿಟ್ಟುಕೊಂಡರೆ ಅದು ಒರಸುವ ಬಟ್ಟೆಗೆ ಹೋಗಲಿ. ಸೀರೆಯಲ್ಲಿ ನೆರಿಗೆಯ ಕೆಳಭಾಗ ನೆಲಕ್ಕೆ ಉಜ್ಜಿ ಸವೆದಿರ್ತದೆ, ಸೆರಗಿನ ಕಡೆ ಗಟ್ಟಿ ಇರ್ತದೆ. ಬೆಡ್‌ಶೀಟಿನಲ್ಲಿ ನಡು ಹೋಗಿರ್ತದೆ, ಹಾಸಿಗೆಯಡಿಗೆ ಸಿಕ್ಕಿಸುವ ಅಂಚು ಹೊಸದರ ಹಾಗೇ ಇರ್ತದೆ. ಜೀನ್ಸಿನಲ್ಲಿ ಮೊಣಕಾಲು, ತೊಡೆಯ ಒಳಬದಿ, ಹಿಂಬದಿ ಬಿಡಿ. ಮೊಣಕಾಲಿನಿಂದ ಕೆಳಗೆ ಎಲ್ಲ ಗಟ್ಟಿ.

ತರಕಾರಿ, ಕಾಯಿಗೆ ಜೀನ್ಸೇ ಆಗಬೇಕು. ಗುಳ್ಳದ ತೊಟ್ಟಿನ ಮುಳ್ಳು ತೆಳು ಬಟ್ಟೆಯ ನೂಲು ಎಳೆದು ಹಾಕ್ತದೆ. ಎರಡು ಕಾಲಿನ ಕೆಳಭಾಗ ಬಿಚ್ಚಿ ಜೋಡಿಸಿ, 18 ಇಂಚು ಅಗಲ 39 ಇಂಚು ಉದ್ದದ ಒಂದೇ ತುಂಡು ಬರುವ ಹಾಗೆ ಮಾಡಿಕೊಳ್ಳಿ. ಜೋಡಿಸಿದ ಹೊಲಿಗೆ ಚೀಲದ ಅಡಿಯಲ್ಲಿ ಅಡ್ಡಕ್ಕೆ ಬಾರದೆ ಉದ್ದಕ್ಕೆ ಓಡಲಿ. ತುಂಡು ಸಾಲದಿದ್ದರೆ ಇನ್ನೊಂದು ಪ್ಯಾಂಟಿನದ್ದು ಸೇರಿಸಿ. ನಡುವೆ ಮಡಚಿದಾಗ ಅಡಿಯಲ್ಲಿ ಅಡ್ಡ ಹೊಲಿಗೆ ಇರಬಾರದು, ಭಾರ ಕೂರುವುದು ಅಲ್ಲೇ ಅಲ್ವಾ. ಅಡಿಯ ಎರಡು ಮೂಲೆಯನ್ನು ತ್ರಿಕೋನ ಮಾಡಿ ನಾಲ್ಕು ಇಂಚು ಅಗಲಕ್ಕೆ ಅಡ್ಡ ಹೊಲಿದರೆ ಚೀಲ ನೆಲದಲ್ಲಿ ಕೂರ್ತದೆ. ಕೊನೆಗೆ ಸುಮಾರು 13 ಇಂಚು ಅಗಲ, 16 ಇಂಚು ಎತ್ತರ ಸಿಗ್ತದೆ. ಇದಕ್ಕಿಂತ ದೊಡ್ಡದು ಮಾಡಬೇಡಿ. ದೊಡ್ಡ ಚೀಲ ಇದ್ದರೆ ತುಂಬಿಸ್ತೇವೆ, ತುಂಬಿಸಿದರೆ ಭುಜ ನೋಯ್ತದೆ.

ಹಿಡಿಯ ವಿಷಯ ಗಮನ ಕೊಟ್ಟು ಓದಿ. ಅಂಗಡಿ ಚೀಲದಲ್ಲಿ ಹಿಡಿಯನ್ನು ಬಾಯಿಯ ಹತ್ತಿರ ಎರಡು ಇಂಚಿಗೆ ಸಿಕ್ಕಿಸಿ ಬಿಟ್ಟಿರ್ತಾರೆ. ಎಲ್ಲ ಭಾರ ಆ ಎರಡು ಇಂಚಿನ ನೂಲಿನ ಮೇಲೆ. ನೀವು ಹಾಗೆ ಮಾಡದೆ ಒಂದೇ ಉದ್ದ ಪಟ್ಟಿಯನ್ನು ಚೀಲದ ಮುಂಬದಿ ಮೇಲೆ ಹತ್ತಿಸಿ, ಹಿಡಿಯಾಗಿ ಬಗ್ಗಿಸಿ, ಕೆಳಗಿಳಿಸಿ, ಅಡಿಯಿಂದ ದಾಟಿಸಿ, ಹಿಂಬದಿಯಲ್ಲೂ ಹಾಗೆಯೇ ಮಾಡಿ ಸುತ್ತು ಹಾಕಿ ತಂದು ಸೇರಿಸಿ. ಆಗ ಕಾಯಿ ಕೂರುವುದು ಪಟ್ಟಿಯ ಮೇಲೆ, ಹೊಲಿಗೆಯ ಮೇಲೆ ಅಲ್ಲ. ನಾಲ್ಕು ಇಂಚು ಅಗಲ ಕತ್ತರಿಸಿ ಒಂದು ಇಂಚಿಗೆ ಮಡಚಿದರೆ ನಾಲ್ಕು ಪದರ ಆಯ್ತು. ಭುಜಕ್ಕೆ ಹಾಕುವ 22 ಇಂಚಿನ ಹಿಡಿಯಾದರೆ ಪಟ್ಟಿ ಒಟ್ಟು ಮೂರು ಮೀಟರ್ ಬೇಕಾಗ್ತದೆ. ಸೀರೆ ಐದೂವರೆ ಮೀಟರ್ ಇರುವುದರಿಂದ ಗಟ್ಟಿ ಅಂಚು ಇದಕ್ಕೆ ಹೇಳಿ ಮಾಡಿಸಿದ್ದು, ನಡುವೆ ಜೋಡಣೆಯೇ ಬೇಡ. ಪಟ್ಟಿಯನ್ನು ಬದಿ ಮುಚ್ಚುವ ಮೊದಲು, ಬಟ್ಟೆ ಚಪ್ಪಟೆ ಇರುವಾಗಲೇ ಹೊಲಿಯಬೇಕು. ಬಾಯಿ ಮಡಚಿದ ಜಾಗದಲ್ಲಿ ನಾಲ್ಕೂ ಕಡೆ ಒಂದು ಚೌಕ, ಚೌಕದೊಳಗೆ ಗುಣಿಸುವ ಚಿಹ್ನೆ ಹಾಕಿ ಹೊಲಿಯಿರಿ.

ಜೀನ್ಸಿಗೆ 16 ನಂಬರಿನ ಸೂಜಿ, ಪದರ ಜಾಸ್ತಿ ಇದ್ದಲ್ಲಿ 18. ದಪ್ಪ ಜಾಗ ಬಂದಾಗ ತುಳಿಯಬೇಡಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ಪೆಟ್ಟಿಗೆಯಲ್ಲಿ ಅತ್ತೆಯ ಕಾಲದ ನೂಲಿನ ಉಂಡೆ ಇದ್ದರೆ ಅದನ್ನು ಉಪಯೋಗಿಸಬೇಡಿ, ನಮ್ಮ ಊರಿನ ಸೆಕೆಗೆ, ತೇವಕ್ಕೆ ಹತ್ತಿ ನೂಲು ಒಳಗೇ ಸತ್ತಿರ್ತದೆ. ಪಾಲಿಯೆಸ್ಟರ್ ನೂಲಿನ ಹೊಸ ಉಂಡೆ ತನ್ನಿ.

ಬಂದರು ಬದಿ, ಮಂಗಳೂರು

ಮೀನಿನ ಚೀಲದ ಬಗ್ಗೆ ನಾನು ಹೇಳ್ತೇನೆ ಅಕ್ಕ. ಧಕ್ಕೆಗೆ, ಅಂದರೆ ಮೀನಿನ ಬಂದರಿಗೆ ಹೋಗುವುದು ನಮ್ಮ ಮನೆಯಲ್ಲಿ ನನ್ನ ಕೆಲಸ.

ಬಟ್ಟೆಯೊಳಗೆ ನೇರ ಮೀನು ಹಾಕಬೇಡಿ. ಮುಚ್ಚಳ ಇರುವ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ, ಬಂಗುಡೆಯೋ ಬೂತಾಯಿಯೋ ಅದರಲ್ಲಿ ಹಾಕಿಸಿ. ಡಬ್ಬಿ ಕೂರುವ ಅಳತೆಗೆ ಚೀಲ ಹೊಲಿಯಿರಿ, ಅಡಿ ಅಗಲ ಇರಲಿ, ಎತ್ತರ ಕಡಿಮೆ ಇರಲಿ. ಮಾರುವವರು ತೊಟ್ಟೆ (ಪ್ಲಾಸ್ಟಿಕ್ ಚೀಲ) ಕೈಗೆತ್ತಿಕೊಳ್ಳುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿಯಬೇಕು. ಈಗ ನನ್ನನ್ನು ದೂರದಿಂದ ಕಂಡರೆ ಅವರೇ ಡಬ್ಬಿ ಕೇಳ್ತಾರೆ.

ಒಳಗಿನ ಪದರಕ್ಕೆ ನಿಮ್ಮ ಕೊಡೆ ಬಟ್ಟೆ ಬಹಳ ಒಳ್ಳೆಯದು. ಕಡ್ಡಿಗೆ ಕಟ್ಟಿದ ನೂಲು ಕತ್ತರಿಸಿದರೆ ಇಡೀ ಬಟ್ಟೆ ಬಿಚ್ಚಿ ಬರ್ತದೆ. ತ್ರಿಕೋನಗಳನ್ನು ಬೇರೆ ಮಾಡಬೇಡಿ, ಜೋಡಣೆ ಇದ್ದ ಹಾಗೇ ಇಟ್ಟು ನಡುವಿನ ತೂತಿಗೆ ಎರಡು ಪದರದ ತೇಪೆ ಹಾಕಿ. ಸೂಜಿ ಹೋದ ತೂತಿನಲ್ಲೆಲ್ಲ ನೀರು ಇಳಿಯುತ್ತದೆ, ಹಾಗಾಗಿ ಅಡಿಯಲ್ಲಿ ಹೊಲಿಗೆ ಆದಷ್ಟು ಕಡಿಮೆ. ಈ ಒಳಪದರವನ್ನು ಬಾಯಿಯ ಹತ್ತಿರ ಮಾತ್ರ ಸೇರಿಸಿ, ಅಡಿಯಲ್ಲಿ ಬಿಟ್ಟುಬಿಡಿ. ಹೊರಗೆ ಮಗುಚಿ ತೊಳೆಯಬಹುದು.

ತೊಳೆಯುವುದು ಮೊದಲು ತಣ್ಣೀರಿನಲ್ಲಿ. ಬಿಸಿ ನೀರು ಹಾಕಿದರೆ ಮೀನಿನ ರಕ್ತ ಬಟ್ಟೆಗೇ ಕಚ್ಚಿಕೊಳ್ತದೆ, ವಾಸನೆ ಮತ್ತೆ ಬಿಡುವುದೇ ಇಲ್ಲ. ಆಮೇಲೆ ಸಾಬೂನು, ಲಿಂಬೆ ಸಿಪ್ಪೆ, ಬಿಸಿಲು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ನಾವು ಆಗ ಚೀಲವನ್ನು ಒಮ್ಮೆ ಚೆನ್ನಾಗಿ ತೊಳೆದು ಒಳಗಿಡ್ತೇವೆ. ಒಣಮೀನಿಗೆ ಅದೇ ಚೀಲ ಬೇಡ, ಅದಕ್ಕೊಂದು ಮುಚ್ಚಳದ ಡಬ್ಬಿಯೇ ಬೇರೆ ಇರಲಿ.

ಉಡುಪಿ ಜೀನಸು ಅಂಗಡಿ

ಚೀಲ ಹಿಡಿದುಕೊಂಡು ಬರುವ ಗಿರಾಕಿಯನ್ನು ಕಂಡರೆ ನನಗೆ ನಿಜವಾಗಿ ಸಂತೋಷ ಆಗ್ತದೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ನಿಷೇಧ ಬಂದದ್ದು 2016ರಲ್ಲಿ. ಆದರೂ "ಒಂದು ತೊಟ್ಟೆ ಕೊಡಿ" ಎಂಬ ಮಾತು ನಿಂತಿಲ್ಲ.

ಒಂದು ಮಾತು ಎಲ್ಲರೂ ತಿಳಿದುಕೊಳ್ಳಬೇಕು. ಮದುವೆ ಮನೆಯಲ್ಲಿ, ಜವಳಿ ಅಂಗಡಿಯಲ್ಲಿ ಕೊಡುವ, ಮುಟ್ಟಿದರೆ ಬಟ್ಟೆಯ ಹಾಗೆ ಇರುವ ಬಣ್ಣದ ಚೀಲ ಬಟ್ಟೆಯಲ್ಲ. ಅದು ನಾನ್‌ವೋವನ್, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಲ್ಲಿ ಅಂಟಿಸಿ ಮಾಡಿದ್ದು. ಬಿಸಿಲಿಗೆ ಇಟ್ಟರೆ ಪುಡಿ ಪುಡಿಯಾಗಿ ಉದುರ್ತದೆ. ಕೇಂದ್ರದ ನಿಯಮದಲ್ಲಿ ಅದಕ್ಕೂ ಕನಿಷ್ಠ 60 ಜಿಎಸ್‌ಎಂ (ಒಂದು ಚದರ ಮೀಟರಿಗೆ 60 ಗ್ರಾಂ ತೂಕ) ಎಂಬ ಮಿತಿ ಹಾಕಿದ್ದಾರೆ. ಅನುಮಾನ ಇದ್ದರೆ ಅಂಚಿನಿಂದ ಒಂದು ನೂಲು ಎಳೆದು ನೋಡಿ. ನೇಯ್ದ ಬಟ್ಟೆಯಲ್ಲಿ ನೂಲು ಬರ್ತದೆ, ಇದರಲ್ಲಿ ಬರುವುದಿಲ್ಲ.

ನಿಮ್ಮಲ್ಲಿ ಹಳೆ ಲಂಗ ಉಂಟು ಅಂದಿರಿ. ಅದರ ಪಾಪ್ಲಿನ್ ಬಟ್ಟೆಯಿಂದ ಎರಡು ಕೆಜಿ ಹಿಡಿಯುವ ಸಣ್ಣ ಚೀಲಗಳನ್ನು ಮಾಡಿ, ಬಾಯಿಗೆ ಲಂಗದ್ದೇ ಲಾಡಿ ಹಾಕಿ. ಬೇಳೆ, ಹೆಸರು, ಸಕ್ಕರೆಗೆ ಬಹಳ ಅನುಕೂಲ. ಖಾಲಿ ಚೀಲದ ತೂಕ ಮೊದಲೇ ತೂಗಿಸಿ ಒಂದು ಮೂಲೆಯಲ್ಲಿ ನೂಲಿನಲ್ಲೇ ಬರೆದಿಡಿ, ತಕ್ಕಡಿಯಲ್ಲಿ ನಾವು ಕಳೆದುಕೊಳ್ತೇವೆ.

ಸುರತ್ಕಲ್ ವಿದ್ಯಾರ್ಥಿ

ಅಕ್ಕ ಹಳೆ ಬಟ್ಟೆಯಿಂದಲೇ ಮಾಡ್ತಿರುವುದು ಯಾಕೆ ಮುಖ್ಯ ಅಂತ ಒಂದು ಲೆಕ್ಕ ಹೇಳ್ತೇನೆ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಚೀಲಗಳ ಪೂರ್ತಿ ಜೀವನದ ಲೆಕ್ಕ ಹಾಕಿತ್ತು. ಹೊಸ ಹತ್ತಿಯಿಂದ ಮಾಡಿದ ಚೀಲ, ಅಲ್ಲಿನ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಹವಾಮಾನದ ಲೆಕ್ಕ ಒಂದನ್ನೇ ನೋಡಿದರೂ 52 ಸಲ, ಎಲ್ಲ ಬಗೆಯ ಪರಿಸರ ಹಾನಿ ಸೇರಿಸಿದರೆ 7,100 ಸಲ ಬಳಸಬೇಕು. ಹತ್ತಿ ಬೆಳೆಯಲಿಕ್ಕೆ, ನೂಲಲಿಕ್ಕೆ, ಬಣ್ಣ ಹಾಕಲಿಕ್ಕೆ ಅಷ್ಟು ಖರ್ಚು. ಕಡಲಿಗೆ ಸೇರುವ ಪ್ಲಾಸ್ಟಿಕ್ ಕಸ ಆ ಲೆಕ್ಕದಲ್ಲಿ ಇಲ್ಲ, ನಮ್ಮ ಕರಾವಳಿಗೆ ಅದು ದೊಡ್ಡ ವಿಷಯ. ಆದರೂ ಸಮಾರಂಭಗಳಲ್ಲಿ ಹೊಸ ಹತ್ತಿ ಚೀಲಗಳನ್ನು ರಾಶಿ ಹಂಚುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಸೀರೆಯ ಹತ್ತಿ ಬೆಳೆದು, ಉಟ್ಟು ಆಗಿದೆ. ದಯವಿಟ್ಟು ಇದಕ್ಕಾಗಿ ಹೊಸ ಬಟ್ಟೆ ಕೊಳ್ಳಬೇಡಿ.

ಕಟಪಾಡಿ ಮನೆ

ಎಲ್ಲರಿಗೂ ಧನ್ಯವಾದ. ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಟೈಲರ್ ಅಕ್ಕ ಹೇಳಿದ ಹಾಗೆ ಸೀರೆಗಳನ್ನು ಒಂದೊಂದೇ ಬಿಡಿಸಿದೆವು. ಅತ್ತೆ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು, "ಇದರ ಅಂಚು ಕೊಡ್ತೇನೆ, ಮೈ ನನಗೆ ಕೌದಿಗೆ ಬೇಕು" ಅಂತ ಪಾಲು ಮಾಡಿದರು. ನನಗೆ ಮನಸ್ಸು ಹಗುರ ಆಯ್ತು. ಮೀನಿನ ಡಬ್ಬಿಯ ಅಳತೆ ಕೂಡ ತೆಗೆದು ಆಗಿದೆ.

ಮಳೆಗಾಲದ್ದು ಮಾತ್ರ ಇನ್ನೂ ಉಳಿಯಿತು. ಜೀನ್ಸ್ ಚೀಲ ನೆನೆದರೆ ಮೂರು ದಿನಕ್ಕೂ ಒಣಗಲಿಕ್ಕಿಲ್ಲ. ಮತ್ತೆ ಹತ್ತು ಕೆಜಿ ಅಕ್ಕಿಗೆ?

ಬ್ರಹ್ಮಾವರ ಟೈಲರ್

ಮಳೆಗಾಲಕ್ಕೆ ನಿಮ್ಮ ಪಾಲಿಯೆಸ್ಟರ್ ಸೀರೆ ತೆಗೆಯಿರಿ. ನೀರು ಕುಡಿಯುವುದಿಲ್ಲ, ಕೊಡವಿ ಫ್ಯಾನಿನಡಿ ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ಒಣಗಿರ್ತದೆ. ಜಾರುವ ಬಟ್ಟೆ ಆದ್ದರಿಂದ ಹೊಲಿಯುವಾಗ ಅಡಿಗೆ ಹಳೆ ಪೇಪರು ಇಟ್ಟು ಪೇಪರಿನ ಸಮೇತ ಹೊಲಿದು, ಆಮೇಲೆ ಹರಿದು ತೆಗೆಯಿರಿ. ಸೂಜಿ 11 ಅಥವಾ 14 ಸಾಕು. ಬದಿಯನ್ನು ಎರಡು ಸಲ ಹೊಲಿಯಬೇಕು: ಮೊದಲು ಒಳಬದಿ ಒಳಗಿರುವಂತೆ ಹೊರಗಿನಿಂದ ಸಪೂರಕ್ಕೆ, ಮತ್ತೆ ಮಗುಚಿ ಒಳಗಿನಿಂದ. ಆಗ ಎಳೆ ಬಿಚ್ಚಿಕೊಳ್ಳುವುದಿಲ್ಲ. ಮಡಚಿದರೆ ಅಂಗೈಯಷ್ಟು ಆಗುವುದರಿಂದ ಸ್ಕೂಟರಿಗೂ ಇದೇ ಚೀಲ. ನಿಮ್ಮ ಯಜಮಾನರಿಗೆ ಕೊಡುವಾಗ ಒಂದು ಮಾತು ಹೇಳಿ, ಸಾಮಾನು ಖಾಲಿಯಾದ ಕೂಡಲೇ ಚೀಲ ಪುನಃ ಡಿಕ್ಕಿಗೆ ಹೋಗಬೇಕು. ಅಡಿಗೆಮನೆಯ ಮೊಳೆಗೆ ನೇತು ಹಾಕಿದ ಚೀಲ ಪೇಟೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಜೀನ್ಸ್ ಚೀಲಕ್ಕೆ ಮಳೆಗಾಲದಲ್ಲಿ ರಜೆ ಕೊಡಿ. ಪೂರ್ತಿ ಒಣಗಿಸಿ, ಬಚ್ಚಲಿನ ಒಲೆ ಇದ್ದರೆ ಅದರ ಮೇಲಿನ ಬಳ್ಳಿಯಲ್ಲಿ ಒಂದು ದಿನ ಹಾಕಿ, ಆಮೇಲೆ ಒಳಗಿಡಿ. ಕಪ್ಪು ಚುಕ್ಕೆ ಬಂದರೆ ಮೊದಲ ಬಿಸಿಲಿಗೆ ಮನೆಯ ಹೊರಗೆ ಹಿಡಿದು ಬ್ರಷ್ ಹಾಕಿ ಉಜ್ಜಿ ತೊಳೆಯಿರಿ, ಒಳಗೆ ಕೊಡವಬೇಡಿ.

ಹತ್ತು ಕೆಜಿಗೆ ಒಂದು ಚೀಲ ನಾನು ಹೊಲಿದು ಕೊಡುವುದಿಲ್ಲ, ನೀವೂ ಹೊಲಿಯಬೇಡಿ. ಚೀಲ ತಡೆದರೂ ಬೆನ್ನು ತಡೆಯಬೇಕಲ್ಲ. ಬೆಡ್‌ಶೀಟಿನ ಗಟ್ಟಿ ಅಂಚನ್ನು ಎರಡು ಪದರ ಮಾಡಿ ಐದೈದು ಕೆಜಿಯ ಎರಡು ಚೀಲ ಮಾಡಿ, ಎರಡು ಕೈಗೆ ಸಮ ಆಗ್ತದೆ. ಇದಕ್ಕೆ ಹಿಡಿ 14 ಇಂಚು ಸಾಕು, ಕೈಯಲ್ಲಿ ಹಿಡಿದಾಗ ಚೀಲ ನೆಲಕ್ಕೆ ತಾಗಬಾರದು. ಕುಚ್ಚಲಕ್ಕಿಯ ಕಾಳು ಹೊಲಿಗೆಯ ಸಂದಿನಲ್ಲಿ ಸಿಕ್ಕಿ ಹುಳ ಬರ್ತದೆ, ಹಾಗಾಗಿ ಒಳಗಿನ ಅಂಚನ್ನು ಮಡಚಿ ಮುಚ್ಚಿ ಹೊಲಿಯಿರಿ. ಮೆಷಿನ್ ದಪ್ಪ ಜಾಗದಲ್ಲಿ ನೂಲು ಬಿಟ್ಟರೆ ಅಡಿಯ ಬಾಬಿನ್ ಕೇಸಿನ (ಕೆಳಗಿನ ನೂಲು ಕೂರುವ ಡಬ್ಬಿಯ) ಸಣ್ಣ ಸ್ಕ್ರೂ ತಿರುಗಿಸಲಿಕ್ಕೆ ಹೋಗಬೇಡಿ, ಮೊದಲು ಸೂಜಿ ಬದಲಾಯಿಸಿ ನೋಡಿ. ಆಗಲೂ ಸರಿಯಾಗದಿದ್ದರೆ ಹೊಲಿದ ತುಂಡಿನ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ, ಯಾವ ನೂಲು ಸಡಿಲ ಅಂತ ನೋಡಿ ಹೇಳ್ತೇನೆ.